ಅತ್ತೆಯ ಮನೆಯ ಹಳೇ ಮೀನುಗಳು

ಕಳೆದ ವಾರ ಪುಣೆಯ ವಿಮಾನ ನಗರದ ಮಾಲ್‌ಗೆ ಚಪ್ಪಲಿ ಕೊಳ್ಳಲು ಹೋದವಳು ಚಪ್ಪಲಿ ಕೊಳ್ಳದೆ ಮನೆಗೆ ಬಂದೆ. ನೆಲಮಹಡಿಯಲ್ಲಿ ಹೊಸದಾಗಿ ಒಂದು ಮೀನಿನ ಅಂಗಡಿ ತೆರೆದಿದ್ದಾರೆ. ತಿನ್ನುವ ಮೀನಲ್ಲ, ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವ ಮೀನು. ಕೆಂಪು, ಹಳದಿ, ನೀಲಿ, ಪಟ್ಟೆಪಟ್ಟೆಯವು ಮುಂದಿನ ಸಾಲಿನಲ್ಲಿದ್ದವು. ಮಕ್ಕಳೆಲ್ಲ ಅಲ್ಲೇ ಮೂಗು ಒತ್ತಿಕೊಂಡು ನಿಂತಿದ್ದರು. ಹಿಂದಿನ ಮೂಲೆಯ ಪೆಟ್ಟಿಗೆಯ ಹತ್ತಿರ ಯಾರೂ ಇರಲಿಲ್ಲ. ಅದರಲ್ಲಿ ಬೆಳ್ಳಿಬಣ್ಣದ ಒಂದೇ ಒಂದು ಮೀನು. ಚಪ್ಪಟೆ ಮೈ, ಗೂನುಬೆನ್ನು, ಹೊಟ್ಟೆಯ ಕೆಳಗೆ ಬಾಲದ ತನಕ ಸೀರೆಗೆ ಫಾಲ್ ಹೊಲಿದಂತೆ ಒಂದೇ ಉದ್ದನೆಯ ರೆಕ್ಕೆ. ನಾನು ನೋಡುತ್ತಿದ್ದಂತೆ ಅದು ನಿಧಾನವಾಗಿ ಮೇಲೆ ಬಂದು, ನೀರಿನ ಮೇಲ್ಮೈಗೆ ಬಾಯಿ ತಾಗಿಸಿ, ‘ಗುಳುಕ್’ ಎಂದು ಒಂದು ಗುಟುಕು ಗಾಳಿ ನುಂಗಿ ಮತ್ತೆ ಕೆಳಗೆ ಹೋಯಿತು.

ಅಂಗಡಿಯವನು ಓಡಿ ಬಂದು, “ಮ್ಯಾಡಮ್, ಏ ಬಹುತ್ ಲಕ್ಕೀ ಮಛಲೀ ಹೈ” ಎಂದ.

“ಗೊತ್ತು” ಎಂದೆ, ಕನ್ನಡದಲ್ಲೇ. ಅವನಿಗೆ ಏನು ತಿಳಿಯಿತೋ, ನಕ್ಕು ಹೋದ.

ಅವನಿಗಿಂತ ನನಗೇ ಹೆಚ್ಚು ಗೊತ್ತು ಎಂಬ ಜಂಬದಿಂದ ಹಾಗೆ ಹೇಳಿದ್ದಲ್ಲ. ಆ ಮೀನಿನ ಬಳಗದವು ನನ್ನ ಪಾಲಿಗೆ ತಂದ ಅದೃಷ್ಟವನ್ನು ಹೇಳಲು ಹೊರಟರೆ ಅವನ ಅಂಗಡಿ ಮುಚ್ಚುವ ಹೊತ್ತಾಗುತ್ತಿತ್ತು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ, ಕೂತುಕೊಳ್ಳಿ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಬಾಗಲಕೋಟೆಯಿಂದ ಪುಣೆಗೆ ಓದಲು ಬಂದೆ. ಎಂ.ಎಸ್ಸಿ. ಮುಗಿದ ಮೇಲೆ ಸಂಶೋಧನೆಗೆ ಸೇರಬೇಕೆಂಬ ಆಸೆ. ನನಗೆ ಬೇಕಾಗಿದ್ದದ್ದು ಗಿಡಗಳು. ಗಿಡಗಳಿಗೆ ವಾಸನೆ ಇರುವುದಿಲ್ಲ, ಇದ್ದರೂ ಒಳ್ಳೆಯ ವಾಸನೆ. ಮನೆಯಲ್ಲಿ ಹೇಳಿಕೊಳ್ಳುವುದಕ್ಕೂ ಸಲೀಸು. ಆದರೆ ಗಿಡಗಳ ಕಡೆ ಜಾಗವೆಲ್ಲ ತುಂಬಿಹೋಗಿತ್ತು. ಖಾಲಿ ಇದ್ದದ್ದು ಒಬ್ಬ ಮರಾಠಿ ಮೇಡಂ ಅವರ ಹತ್ತಿರ, ಅವರದು ಮೀನು. ಈರುಳ್ಳಿ ಬೆಳ್ಳುಳ್ಳಿ ಕೂಡ ಹಬ್ಬದ ದಿನ ಒಳಗೆ ಬಾರದ ಮನೆಯಲ್ಲಿ ಬೆಳೆದವಳು ನಾನು. ಮೊದಲ ದಿನ ಮೀನು ಹಿಡಿಯಲು ಕೈ ನೀರಿಗೆ ಹಾಕಿದಾಗ ಕಣ್ಣು ಮುಚ್ಚಿಕೊಂಡಿದ್ದೆ. ಮೇಡಂ ಬೈಯಲಿಲ್ಲ. “ಕಣ್ಣು ತೆಗಿ, ಅದೂ ನಿನ್ನಷ್ಟೇ ಹೆದರಿದೆ” ಎಂದರು. ಆರು ತಿಂಗಳಲ್ಲಿ ನನ್ನ ಜಡೆಗೂ ಆ ವಾಸನೆ ಹತ್ತಿಕೊಂಡು, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯತೊಡಗಿತು. ನಾನು ಅದನ್ನೂ ಒಂದು ಅನುಕೂಲವೆಂದೇ ಎಣಿಸಿದೆ.

ಮೇಡಂ ಕೈಗೆತ್ತಿಕೊಂಡಿದ್ದದ್ದು ಹಳೆಯ ವಂಶದ ಮೀನುಗಳ ಕೆಲಸ. ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಈ ಚಪ್ಪಟೆ ಮೀನು ಸಿಗುತ್ತಿತ್ತು. ಅಲ್ಲಿನ ಬಲೆಗಾರರು ಅದನ್ನು ಚಾಲಟ ಎನ್ನುತ್ತಿದ್ದರು. ಇದರ ದಾಯಾದಿಗಳು ಆಫ್ರಿಕದಲ್ಲಿವೆ, ದೂರದ ನೆಂಟರು ಆಸ್ಟ್ರೇಲಿಯಾದಲ್ಲೂ ಅಮೆಜಾನ್ ನದಿಯಲ್ಲೂ ಇದ್ದಾರೆ. ಸಿಹಿನೀರಿನ ಮೀನು ಸಮುದ್ರ ದಾಟಿ ಹೋದದ್ದಾದರೂ ಹೇಗೆ? ದಾಟಲೇ ಇಲ್ಲ, ನೆಲವೇ ಒಡೆದು ದೂರ ಸರಿಯಿತು, ಅಷ್ಟು ಹಳೆಯ ಬಳಗ ಎಂದು ಹಲವರು ಹೇಳುತ್ತಾರೆ. ಅದಕ್ಕಿಂತ ಬೆರಗಿನ ಸಂಗತಿ ಅದರ ಜೀವಕೋಶದ ಒಳಗಿತ್ತು. ಡೈನೋಸಾರ್‌ಗಳಿಗೂ ಬಹಳ ಹಿಂದೆ, ಇಂದಿನ ಬಹುಪಾಲು ಮೀನುಗಳ ಮೂಲಪುರುಷನಂಥ ಒಂದು ಮೀನಿನಲ್ಲಿ ವಂಶವಾಹಿಗಳೆಲ್ಲ ಇದ್ದಕ್ಕಿದ್ದಂತೆ ಇಮ್ಮಡಿಯಾದವಂತೆ. ಒಂದೊಂದು ಜೀನ್‌ಗೂ ಎರಡೆರಡು ಪ್ರತಿ. ನಾವು ಆ ಕೆಲಸ ಮಾಡುತ್ತಿದ್ದಾಗ ಈ ಮಾತು ಇನ್ನೂ ಗುಮಾನಿಯ ಹಂತದಲ್ಲಿತ್ತು. ಮೇಡಂ ಅದನ್ನು ಹೇಳುವಾಗ ಯಾರೋ ನೆರೆಮನೆಯವರ ಗುಟ್ಟು ಹೇಳುವಂತೆ ದನಿ ತಗ್ಗಿಸುತ್ತಿದ್ದರು. ಬೇಗ ಕವಲೊಡೆದ ನಮ್ಮ ಚಾಲಟದಂಥ ಮೀನುಗಳಲ್ಲಿ ಆ ಎರಡನೇ ಪ್ರತಿಗಳು ಏನಾದವು, ಯಾವುವು ಉಳಿದವು, ಯಾವುವು ಅಳಿದವು, ಇದು ನಮ್ಮ ಪ್ರಶ್ನೆ. ಅದಕ್ಕೆ ಮೊದಲ ಮೆಟ್ಟಿಲಾಗಿ ವರ್ಣತಂತುಗಳನ್ನು ನೋಡಬೇಕು. ನೋಡಲು ಜೀವಂತ ಮೀನು ಬೇಕು. ತರುವವಳು ನಾನು.

ಇನ್ನು ಅತ್ತೆಯ ವಿಷಯ. ಗೋದಾವರಿ ಅತ್ತೆ ನನ್ನ ಅಪ್ಪನ ಅಕ್ಕ. ಮದುವೆಯಾಗಿ ಪುಣೆಗೆ ಬಂದವರು, ಮಾಮಾ ಮಿಲಿಟರಿ ಲೆಕ್ಕಪತ್ರದ ಕಚೇರಿಯಲ್ಲಿ ಗುಮಾಸ್ತರಾಗಿದ್ದು ತೀರಿಕೊಂಡ ಮೇಲೆ ಶುಕ್ರವಾರ ಪೇಟೆಯಲ್ಲಿ, ಹಲವು ಬಾಡಿಗೆ ಸಂಸಾರಗಳಿದ್ದ ಒಂದು ಹಳೆಯ ವಾಡೆಯಲ್ಲಿ ಎರಡು ಕೋಣೆ ಹಿಡಿದು ಒಬ್ಬರೇ ಇದ್ದರು. ಪುಣೆಗೆ ಬಂದ ನಾನು ಉಳಿದುಕೊಂಡದ್ದು ಅವರ ಜೊತೆಯೇ. ಕಟ್ಟುನಿಟ್ಟಿನ ಮಡಿ. ನಾನು ಕಾಲೇಜಿನಿಂದ ಬಂದರೆ ಸ್ನಾನ ಮಾಡದೆ ಒಲೆಯ ಕಡೆ ಹೋಗುವಂತಿರಲಿಲ್ಲ. ನಾನು ಏನು ಓದುತ್ತೇನೆಂದು ಅವರು ಎಂದೂ ಬಿಡಿಸಿ ಕೇಳಲಿಲ್ಲ. ವಾಸನೆಯಿಂದ ತಿಳಿದಿತ್ತು ಎಂದೇ ನನ್ನ ನಂಬಿಕೆ. ಬಾಗಿಲಲ್ಲೇ ಟವೆಲು, ಸೋಪು ಇಟ್ಟುಬಿಡುತ್ತಿದ್ದರು, ಅಷ್ಟೇ. ಅವರ ಕಟ್ಟಿನ ಸಾರು, ಮೇಲೆ ಬಿಡುತ್ತಿದ್ದ ಬೆಣ್ಣೆ ಕಾಯಿಸಿದ ಘಮಘಮ ತುಪ್ಪ ಇವುಗಳ ಬಗ್ಗೆ ಬರೆಯತೊಡಗಿದರೆ ಮೀನು ಹಿಂದೆ ಬೀಳುತ್ತದೆ. ಈಗ ಬೇಡ.

ಆ ವರ್ಷ ಅನಂತ ಚತುರ್ದಶಿಯ ದಿನ ಬೆಳಿಗ್ಗೆ ನಾನು ಹಿನ್ನೀರಿನ ಕಡೆ ಹೋಗಿದ್ದೆ. ಒಳ್ಳೆಯ ಮೀನು ಸಿಕ್ಕಿದೆಯೆಂದು ಬಲೆಗಾರರು ಹೇಳಿಕಳಿಸಿದ್ದರು. ಗಣಪತಿಯ ಮೆರವಣಿಗೆ ಶುರುವಾಗುವ ಮೊದಲೇ ವಾಪಸು ಬಂದು ಊರಿನ ಆ ತುದಿಯಲ್ಲಿದ್ದ ನಮ್ಮ ಪ್ರಯೋಗಾಲಯ ಸೇರಿಬಿಡಬಹುದು ಎಂದು ನನ್ನ ಎಣಿಕೆ. ಬುದ್ಧಿವಂತರ ಎಣಿಕೆಗಳು ಹೀಗೆಯೇ ಇರುತ್ತವೆ. ದಾರಿಯಲ್ಲಿ ಬಸ್ಸು ಪಂಕ್ಚರಾಯಿತು. ಸ್ವಾರಗೇಟಿನ ಬಸ್ ನಿಲ್ದಾಣದಲ್ಲಿ ಇಳಿಯುವಾಗ ಮಧ್ಯಾಹ್ನ ಇಳಿಯುತ್ತಿತ್ತು, ಢೋಲು ತಾಶಾ ಸದ್ದು ಎದೆಗೆ ಬಡಿಯುತ್ತಿತ್ತು, ರಸ್ತೆಗಳೆಲ್ಲ ಬಂದ್. ರಿಕ್ಷಾದವರು ನನ್ನ ಕೈಯಲ್ಲಿದ್ದ ಪ್ಲಾಸ್ಟಿಕ್ ಕ್ಯಾನಿನ ಕಡೆ, ಅದರ ಬಾಯಿಗೆ ಕಟ್ಟಿದ ಜಾಲರಿಬಟ್ಟೆಯ ಕಡೆ ನೋಡಿ ಮುಖ ತಿರುಗಿಸಿದರು. ಒಳಗೆ ಆರೇಳು ಚಾಲಟ. ಇವು ಗಾಳಿ ನುಂಗಿ ಬದುಕುವ ಜಾತಿಯಾದ್ದರಿಂದ ಅಷ್ಟು ಹೊತ್ತು ತಡೆದಿದ್ದವು. ಆದರೆ ನೀರು ಬಿಸಿಯಾಗುತ್ತಿತ್ತು. ಬೇರೆ ದಾರಿ ಇರಲಿಲ್ಲ. ಅತ್ತೆಯ ಮನೆ ನಡೆದು ಹೋಗುವಷ್ಟು ಹತ್ತಿರ.

ವಾಡೆಯ ಬಾಗಿಲಿಗೆ ಬಂದು ನೋಡಿದರೆ ಪಡಸಾಲೆಯಲ್ಲಿ ಅಪ್ಪ ಕೂತಿದ್ದಾರೆ!

ಅಪ್ಪ ಸಹಕಾರಿ ಬ್ಯಾಂಕಿನಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆಯ ಬಸ್ಸಿಗೆ ಬಂದಿಳಿದಿದ್ದರು. ಪುಣೆಯ ಗಣಪತಿ ನೋಡಲು ಬಂದೆ ಎಂದು ಹೇಳಿದ್ದರಂತೆ. ನಿಜವಾದ ಕಾರಣ ಆಮೇಲೆ ತಿಳಿಯಿತು. ಊರಿನಲ್ಲಿ ನನಗೊಂದು ಗಂಡು ಗೊತ್ತಾಗುವ ಹಂತದಲ್ಲಿತ್ತು, ಅಷ್ಟರಲ್ಲಿ ಹುಡುಗನ ತಾಯಿಯ ಕಿವಿಗೆ ಯಾರೋ “ಆ ಹುಡಿಗಿ ಪುಣ್ಯಾದಾಗ ಮೀನ ಕೊಯ್ತಾಳಂತ” ಎಂದು ಹಾಕಿದ್ದರು. ಅಪ್ಪ ನನ್ನನ್ನು ಊರಿಗೆ ಕರೆದುಕೊಂಡು ಹೋಗಲು ಬಂದಿದ್ದರು.

ನಾನು ಹೊಸ್ತಿಲಿನ ಆಚೆಯೇ ನಿಂತೆ. ಒಳಗಿನಿಂದ ಅತ್ತೆ ಬಂದರು.

“ಏನೇ ಅದು, ಕ್ಯಾನಿನ್ಯಾಗ?”

“ಮೀನ, ಅತ್ತಿ.”

ಅಪ್ಪ ಎದ್ದು ನಿಂತರು. ಅತ್ತೆ ಬಗ್ಗಿ ಜಾಲರಿಯೊಳಗೆ ನೋಡಿದರು.

“ಜೀವಂತ ಅದಾವೋ, ಸತ್ತಾವೋ?”

“ಜೀವಂತ ಅದಾವ. ಆದ್ರ ಇನ್ನ ಭಾಳ ಹೊತ್ತು ಇರೂದಿಲ್ಲ.”

“ಹಂಗಾರ ಬಾಗಲಾಗ ಯಾಕ ನಿಂತಿ? ಒಳಗ ಬಾ.”

“ಅಕ್ಕಾ!” ಅಪ್ಪನ ದನಿ ಏರಿತು. “ಮನ್ಯಾಗ ಗಣಪತಿ ಕೂತಾನ. ನಿನ್ನ ಮಡಿ ಏನಾತು? ಇವನ್ನ ಒಳಗ ತಗೋತೀ?”

“ಗಣಪತಿನ್ನ ಇನ್ನೊಂದು ತಾಸಿಗೆ ಎಲ್ಲೆ ಕಳಸಾಂವ ಇದ್ದೀ ತಮ್ಮಾ?” ಅತ್ತೆ ಸೆರಗು ಬಿಗಿದುಕೊಳ್ಳುತ್ತ ಕೇಳಿದರು. “ನೀರಾಗಲ್ಲೇನು? ಅಲ್ಲೆ ಅವಗ ಯಾರ ಜೋಡಿ? ಇವೇ ಅಲ್ಲೇನು?”

ಅಪ್ಪ ಮೆಲ್ಲಗೆ ಮತ್ತೆ ಕೂತರು. ಅಕ್ಕನ ಎದುರು ಅವರು ವಾದ ಗೆದ್ದದ್ದನ್ನು ನಾನು ಕಂಡದ್ದೇ ಕಡಿಮೆ.

ಅತ್ತೆ ಬಚ್ಚಲ ಕಡೆ ನಡೆದು ದೊಡ್ಡ ತಾಮ್ರದ ಹಂಡೆಯ ಮುಚ್ಚಳ ತೆಗೆದರು. ನಾನು “ಬ್ಯಾಡ ಅತ್ತಿ, ತಾಮ್ರ ಅವಕ್ಕ ವಿಷ!” ಎಂದು ಕೂಗಿದೆ. ನಳದ ಹೊಸ ನೀರೂ ಆಗದು, ಅದರಲ್ಲಿ ಔಷಧಿ ಇರುತ್ತದೆ ಎಂದೆ. “ಭಾಳ ನಾಜೂಕಿನವು ಅದಾವಲ್ಲ ನಿನ್ನ ಮೀನ” ಎಂದವರು ಹಿತ್ತಲಿಗೆ ಕರೆದೊಯ್ದರು. ಅಲ್ಲಿ ಸಿಮೆಂಟಿನ ನೀರಿನ ತೊಟ್ಟಿ ಇತ್ತು, ಪುಣೆಯ ವಾಡೆಗಳಲ್ಲಿ ಹೌದ ಎನ್ನುತ್ತಾರಲ್ಲ, ಅದು. ನೀರು ತುಂಬಿ ಎರಡು ದಿನವಾಗಿತ್ತು, ತಣ್ಣಗಿತ್ತು. ನಾನು ಕ್ಯಾನನ್ನು ಅದರಲ್ಲಿ ಮೆಲ್ಲಗೆ ಓರೆಮಾಡಿದೆ. ಮೀನುಗಳು ಒಂದೊಂದಾಗಿ ಜಾರಿ ಕತ್ತಲಿಗೆ ಇಳಿದವು. ಬಟ್ಟೆ ಒಗೆಯಲು ಬಂದ ನೆರೆಯ ಮರಾಠಿ ಹೆಂಗಸಿಗೆ ಅತ್ತೆ, “ಆಜ್ ನಕೋ, ಪಾಹುಣೆ ಆಲೇತ್” ಎಂದರು. ಇವತ್ತು ಬೇಡ, ನೆಂಟರು ಬಂದಿದ್ದಾರೆ.

ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಮೂವರೂ ಹೌದದ ಕಟ್ಟೆಯ ಮೇಲೆ ಕೂತೆವು. ಸಂಜೆಯ ಬೆಳಕು ಇನ್ನೂ ಇತ್ತು. ಬೀದಿಯಲ್ಲಿ ಢೋಲಿನ ಸದ್ದು. ಅಪ್ಪ ನೀರನ್ನೇ ನೋಡುತ್ತಿದ್ದರು. ಒಂದು ಮೀನು ಮೇಲೆ ಬಂದು ಗಾಳಿ ನುಂಗಿ ಹೋಯಿತು.

“ಏನ ಮಾಡ್ತದ ಅದು?” ಅಪ್ಪ ಮೊದಲ ಬಾರಿಗೆ ಕೇಳಿದ ಪ್ರಶ್ನೆ ಅದು.

ಗಾಳಿ ಉಸಿರಾಡುತ್ತದೆ ಎಂದೆ. ಬಹಳ ಹಳೆಯ ವಂಶದ ಮೀನು ಎಂದೆ. “ಹಳೇ ಮೀನಂದ್ರ ಮುದುಕ ಮೀನೇನು?” ಎಂದು ಅತ್ತೆ ಕೇಳಿದರು. ಹಾಗಲ್ಲ, ಇದರ ಮನೆತನ ಬಹಳ ಹಿಂದೆಯೇ ಬೇರೆಯಾಗಿ ಸಂಸಾರ ಹೂಡಿತು, ಇವು ನಮ್ಮಷ್ಟೇ ಇಂದಿನವು, ಎಂದು ಹೇಳುತ್ತ ಹೇಳುತ್ತ ನನಗೆ ಹುರುಪು ಬಂದುಬಿಟ್ಟಿತು. ಇಮ್ಮಡಿಯಾದ ಜೀನುಗಳ ಕತೆಯನ್ನೂ ಹೇಳಿದೆ. ಮೈ ಕಟ್ಟುವ ಕೆಲಸವನ್ನು ಒಂದು ಪ್ರತಿ ಮಾಡುತ್ತಿದ್ದರೆ ಸಾಕು, ಜೀವ ನಡೆಯುತ್ತದೆ. ಇನ್ನೊಂದು ಪ್ರತಿ ಎಷ್ಟೋ ಸಲ ಕೆಟ್ಟು ಹೋಗುತ್ತದೆ, ಕೆಲವು ಸಲ ಮಾತ್ರ ಯಾರೂ ಮಾಡದ ಹೊಸ ಕೆಲಸ ಹಿಡಿಯುತ್ತದೆ. ಅಂಥದ್ದರಿಂದಲೇ ಮೀನುಗಳಲ್ಲಿ ಇಷ್ಟೊಂದು ಬಗೆ ಹುಟ್ಟಿರಬಹುದು ಎಂದು ನಮ್ಮ ಊಹೆ.

ಅತ್ತೆ ಅಪ್ಪನ ಕಡೆ ತಿರುಗಿದರು.

“ಕೇಳಿದಿಲ್ಲೋ ತಮ್ಮಾ? ನಿನಗ ಹೆಣ್ಣುಮಕ್ಕಳು ಇಬ್ಬರ ಅದಾರ. ಹಿರೇಕಿ ಸಂಸಾರ ಮಾಡ್ಲಿಕತ್ತಾಳ. ಕಿರೇಕಿ ಹೊಸಾದೇನರೇ ಕಲೀಲಿ ಬಿಡು.”

ವಿಜ್ಞಾನದ ಲೆಕ್ಕದಲ್ಲಿ ಆ ಹೋಲಿಕೆ ಎಷ್ಟು ಸರಿ ಎಂದು ನಾನು ತಕರಾರು ತೆಗೆಯಲಿಲ್ಲ. ನನಗಷ್ಟು ಬುದ್ಧಿ ಇತ್ತು. ಅಪ್ಪ ಎದ್ದು ಒಳಗೆ ಹೋಗಲಿಲ್ಲ, ಕಟ್ಟೆಯ ಮೇಲೇ ಕೂತಿದ್ದರು.

ಆಮೇಲೆ ಅತ್ತೆ, ನಾನು ಹೆದರಿಕೊಂಡಿದ್ದ ಮಾತನ್ನೇ ಕೇಳಿದರು. “ಇವನ್ನ ಕೊಲ್ತೀಯೇನು?”

ಸುಳ್ಳು ಹೇಳಬಹುದಿತ್ತು. ಆಶ್ರಯ ಕೊಟ್ಟವರಿಗೆ ಸುಳ್ಳು ಹೇಳುವ ಮನಸ್ಸಾಗಲಿಲ್ಲ. “ಹೌದತ್ತಿ. ವರ್ಣತಂತು ನೋಡಬೇಕಂದ್ರ ಒಳಗಿನ ಭಾಗ ಬೇಕಾಗ್ತದ.”

ಅವರ ಮುಖ ಸಣ್ಣದಾಯಿತು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಅವರು ಕೇಳಿದ್ದು ಬೇರೆ.

“ಅಷ್ಟೂ ಬೇಕೇನು?”

ಬೇಕಾಗಿರಲಿಲ್ಲ. ಕೆಟ್ಟರೆ ಇರಲಿ ಎಂದು ನಾವು ಯಾವಾಗಲೂ ಹೆಚ್ಚೇ ತರುತ್ತಿದ್ದೆವು. ಅರ್ಧ ಸಾಕು, ಉಳಿದವುಗಳ ರೆಕ್ಕೆಯ ತುದಿಯಿಂದ ಒಂದು ಚೂರು ಕತ್ತರಿಸಿಕೊಂಡರೂ ಡಿಎನ್ಎ ಸಿಗುತ್ತದೆ, ರೆಕ್ಕೆ ಮತ್ತೆ ಬೆಳೆಯುತ್ತದೆ ಎಂದೆ.

“ಹಂಗಾರ ಬೇಕಾದಷ್ಟ ತಗೋ. ಉಳದವು ಹೊಳ್ಳಿ ತಮ್ಮ ಮನಿಗೆ ಹೋಗ್ಲಿ. ಇಷ್ಟು ಮಾತು ಕೊಡು, ನಿನ್ನ ಓದಿಗೆ ನಾ ಅಡ್ಡ ಬರೂದಿಲ್ಲ, ಯಾರನ್ನೂ ಬರಗೊಡೂದಿಲ್ಲ.”

ಮಾತು ಕೊಟ್ಟೆ.

ಮರುದಿನ ಮಧ್ಯಾಹ್ನ ರಸ್ತೆ ತೆರವಾದ ಮೇಲೆ ರಿಕ್ಷಾದಲ್ಲಿ ಹೊರಟೆ. ಅಪ್ಪ ತಾವಾಗಿಯೇ ಕ್ಯಾನಿನ ಇನ್ನೊಂದು ಕಡೆ ಹಿಡಿದು ಹತ್ತಿದರು. ಪ್ರಯೋಗಾಲಯದಲ್ಲಿ ಮೇಡಂ “ಯಾ, ಬಸಾ” ಎಂದು ಕುರ್ಚಿ ಹಾಕಿದರು. ಅಪ್ಪನಿಗೆ ಮರಾಠಿ ಬರುತ್ತಿತ್ತು, ಆದರೆ ಅಂದು ಕೈಮುಗಿದು ಕುರ್ಚಿಯ ತುದಿಯಲ್ಲಿ ಕೂತರು, ಅಷ್ಟೇ. ಮೇಡಂ ಮಾತಿಗೆ ಒತ್ತಾಯಿಸದೆ, ಹಿಂದಿನ ತಿಂಗಳು ನಾನು ತಯಾರಿಸಿದ್ದ ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ಅವರನ್ನು ಎದುರಿಗೆ ಕೂರಿಸಿದರು. ಅಪ್ಪ ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು. ನೇರಳೆ ಬಣ್ಣ ಹಿಡಿದ ವರ್ಣತಂತುಗಳು.

“ಜೀರಗಿ ಚೆಲ್ಲಿದಂಗ ಅದಲ್ಲ!” ಎಂದರು. ಆಮೇಲೆ, “ಇದನ್ನ ನೀ ಮಾಡಿದ್ಯಾ?” ಎಂದರು.

“ಹೌದಪ್ಪಾ.”

ಅವರು ಮತ್ತೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಅತ್ತೆಯ ಷರತ್ತನ್ನು ನಾನು ಮೇಡಂಗೆ ಅಳುಕುತ್ತಲೇ ತಿಳಿಸಿದಾಗ ಅವರು ನಗಲಿಲ್ಲ. “ಒಳ್ಳೆಯ ಷರತ್ತು. ಇನ್ನು ಮುಂದೆ ನಮ್ಮೆಲ್ಲರಿಗೂ ಅದೇ ಇರಲಿ” ಎಂದರು. ಹಾಗೆಯೇ ಆಯಿತು. ಅಗತ್ಯವಿದ್ದವನ್ನು ತೆಗೆದುಕೊಂಡೆವು. ಉಳಿದ ಮೂರರ ರೆಕ್ಕೆಯ ತುದಿ ಕತ್ತರಿಸಿಕೊಂಡು ಮತ್ತೆ ಕ್ಯಾನಿಗೆ ಬಿಟ್ಟೆವು. ಅವನ್ನು ಹಿನ್ನೀರಿಗೆ ಒಯ್ಯಬೇಕು, ನಾನೋ ಮೇಜು ಬಿಟ್ಟು ಕದಲುವಂತಿಲ್ಲ, ಜೀವಕೋಶಗಳು ಕಾಯುವುದಿಲ್ಲ.

“ಕೊಡು ಇತ್ತಾಗ” ಎಂದರು ಅಪ್ಪ. “ನಮ್ಮ ಬಸ್ಸು ಅಲ್ಲೆ ಹಾದೇ ಹೋಗ್ತದ.”

ಸೊಲ್ಲಾಪುರದ ರಸ್ತೆ ಹಿನ್ನೀರಿನ ಪಕ್ಕದಲ್ಲೇ ಹೋಗುವುದು ನಿಜ. ಎರಡು ದಿನದ ಹಿಂದೆ ಮೀನೆಂದರೆ ಎದ್ದು ನಿಂತವರು ಮರುದಿನ ಬೆಳಿಗ್ಗೆ ಕ್ಯಾನು ಹಿಡಿದು ಬಸ್ಸು ಹತ್ತಿದರು. ನನ್ನನ್ನು ಕರೆದೊಯ್ಯುವ ಮಾತೇ ಎತ್ತಲಿಲ್ಲ. ಅದರ ಮರುದಿನ ಪಕ್ಕದ ಮನೆಗೆ ಫೋನು ಬಂತು. “ಬಿಟ್ಟೆ. ಮೂರೂ ಹೋದವು. ನೀ ಓದು ಮುಗಿಸಿ ಬಾ.” ಇಷ್ಟೇ.

ಊರಿನ ಆ ಸಂಬಂಧ ಅಲ್ಲಿಗೇ ನಿಂತಿತು. ನಾನು ಪಿಎಚ್.ಡಿ. ಮುಗಿಸಿದೆ, ಆಮೇಲೆ ಮೀನಿನ ವಾಸನೆಗೆ ಹೆದರದವರೊಬ್ಬರ ಜೊತೆ ಮದುವೆಯೂ ಆಯಿತು. ಹೊಸ ಶತಮಾನ ಬಂದಾಗ ನಮ್ಮ ಕೆಲಸದ ಬಗೆಯೇ ಬದಲಾಗಿಹೋಯಿತು. ನಾವು ವಾರಗಟ್ಟಲೆ ಹೆಣಗಿ ಓದುತ್ತಿದ್ದ ಡಿಎನ್ಎ ಅಕ್ಷರಗಳನ್ನು ಯಂತ್ರಗಳು ಹೊತ್ತು ಮುಳುಗುವುದರೊಳಗೆ ಓದಿ ಮುಗಿಸತೊಡಗಿದವು. ಒಂದೊಂದೇ ಮೀನಿನ ಇಡೀ ಜೀನೋಮ್ ಹೊರಬಂದಂತೆ ಮೇಡಂ ದನಿ ತಗ್ಗಿಸಿ ಹೇಳುತ್ತಿದ್ದ ಆ ಇಮ್ಮಡಿಯ ಕತೆ ಪಾಠಪುಸ್ತಕ ಸೇರಿತು. ಈಗ ಅದನ್ನು ನಾನು ತರಗತಿಯಲ್ಲಿ ಗಟ್ಟಿಯಾಗಿಯೇ ಹೇಳುತ್ತೇನೆ. ಅತ್ತೆ ತೀರಿಕೊಂಡು ಕೆಲವು ವರ್ಷಗಳಾದವು. ಕೊನೆಯ ದಿನಗಳಲ್ಲೂ ನಾನು ಖರಾಡಿಯ ನನ್ನ ಮನೆಯಿಂದ ನೋಡಲು ಹೋದರೆ, “ಬೇಕಾದಷ್ಟ ತಗೋತಿಯಲ್ಲ?” ಎಂದು ವಿಚಾರಿಸುತ್ತಿದ್ದರು. ನಾನು ಅವರ ಹೊಟ್ಟೆಯಲ್ಲಿ ಹುಟ್ಟಿದ ಮಗಳೇನಲ್ಲ. ಆದರೂ ತಮ್ಮ ಜೀವಮಾನದ ಮಡಿಯನ್ನು ಒಂದು ಮಧ್ಯಾಹ್ನ ನನಗಾಗಿ ಬದಿಗಿಟ್ಟು ಬಾಗಿಲು ತೆರೆದರು. ಆ ಋಣ ಹೊತ್ತುಕೊಂಡಿರುವುದೇ ನನಗೆ ಸುಖ.

ಮಾಲ್‌ನಿಂದ ಬಂದ ಆ ಸಂಜೆ ಅಪ್ಪನಿಗೆ ಫೋನು ಮಾಡಿದೆ. ಅವರೀಗ ನಿವೃತ್ತರು, ಕಿವಿ ಸ್ವಲ್ಪ ಮಂದ, ಬಾಗಲಕೋಟೆಯಲ್ಲಿ ನನ್ನ ಅಣ್ಣನ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತ ಹಾಯಾಗಿದ್ದಾರೆ. ಅಂಗಡಿಯಲ್ಲಿ ಕಂಡದ್ದನ್ನು ಹೇಳಿದೆ. ಅವರು ನಕ್ಕರು. ಆಮೇಲೆ ಇಷ್ಟು ವರ್ಷ ಹೇಳದ ಒಂದು ಮಾತು ಹೇಳಿದರು.

“ಆ ಸಲ ಹೊಳ್ಳಿ ಬರೂದಕ್ಕ ನಾ ಎರಡು ಸೀಟು ಬುಕ್ ಮಾಡಿಸಿದ್ದೆ, ಗೊತ್ತದನು?”

“ಇಲ್ಲಪ್ಪಾ.”

“ಒಂದು ನಂದು, ಒಂದು ನಿಂದು. ನಿನ್ನ ಸೀಟಿನ ಮ್ಯಾಲೆ ಆ ಕ್ಯಾನ್ ಇಟಗೊಂಡು ಕೂತೆ. ಅಲಗಾಡಿದ್ರ ಚೆಲ್ತದ ಅಂತ ಕೈಯಾಗ ಹಿಡಕೊಂಡೇ ಇದ್ದೆ. ಬಸ್ಸು ತುಂಬಿತ್ತು. ಕಂಡಕ್ಟರ್ ಬಂದು, ‘ಹೇ ಸೀಟ್ ಕೋಣಾಚೀ?’ ಅಂದ.”

“ನೀವೇನಂದ್ರಿ?”

“ನನ್ನ ಮಗಳದು ಅಂದೆ. ಆಕಿ ಬರೂದಿಲ್ಲ, ಆಕೀಗೆ ಪುಣ್ಯಾದಾಗ ಕೆಲಸ ಅದ ಅಂದೆ.”

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. ಫೋನಿನ ಆ ಕಡೆ ಅಪ್ಪ, ನನಗೆ ಕೇಳಿಸಲಿಲ್ಲವೇನೋ ಎಂದುಕೊಂಡು, ಅದೇ ಮಾತನ್ನು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು.